ದೊರೆಯ ಹಿಂಗಾಲು

ಮನೆಯಿಂದ
೧೨ನೇ ತಾರೀಖು, ಗುರುವಾರ

ರೀ,

ಬೆನ್ನುನೋವು ಹೇಗಿದೆ? ಅತ್ತಿಗೆಯವರು ಎಣ್ಣೆ ಹಚ್ಚಲು ಬಂದರೆ ಸುಮ್ಮನೆ ಹಚ್ಚಿಸಿಕೊಳ್ಳಿ, ಒಡಹುಟ್ಟಿದ ಅಕ್ಕನ ಮುಂದೆ ಬಿಗುಮಾನ ಯಾಕೆ? ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಬರೆದೆ. ನಿಜ ಹೇಳಲೇ? ನೀವು ಅಕ್ಕನ ಮನೆಗೆ ಹೋಗಿ ಆರು ವಾರವಾದರೂ ಕೈ ಇನ್ನೂ ಎರಡು ತಟ್ಟೆ ತೆಗೆಯುತ್ತದೆ. ಒಂದನ್ನು ಮತ್ತೆ ಒಳಗಿಡುವಾಗ ತುಂಬಾ ಬೇಜಾರಾಗುತ್ತದೆ.

ಈಗ ನಿಮಗೆ ಕೋಪ ಬರುವ ಸುದ್ದಿ. ನಮ್ಮ ಕುದುರೆ ದೊರೆ ಹಾಲಿನ ಗಾಡಿ ಎಳೆಯುವಾಗ ಮುಂಗಾಲು ಕುಂಟುತ್ತಿದ್ದ. ಆ ಹೆಸರಿಟ್ಟವರು ನೀವು, ಅವನ ಗತ್ತು ಸಹಿಸುವವಳು ನಾನು. ಪಶುವೈದ್ಯೆ ಬಂದು ಗೊರಸು ಒತ್ತಿ ನೋಡಿ, “ಉಕ್ಕಿನ ಲಾಳ ಸಾಕು ಮಾಡಿ, ರಸ್ತೆ ಏಟೆಲ್ಲ ಕಾಲಿಗೇ ಹೋಗ್ತಿದೆ” ಅಂದರು. ಬಗ್ಗುವ ಲಾಳ ತರಿಸಿಕೊಟ್ಟರು, ನಮ್ಮ ಚಪ್ಪಲಿಯ ಅಟ್ಟೆಯಂಥದ್ದು. ಅದಕ್ಕೆ ಕುಲುಮೆ ಬೇಡ, ಮೊಳೆ ಬೇಡ. ಗೊರಸನ್ನು ಅರದಿಂದ ಉಜ್ಜಿ, ಒರೆಸಿ, ಅಂಟು ಹಚ್ಚಿ, ಗಟ್ಟಿಯಾಗುವ ತನಕ ಕಾಲು ಹಿಡಿದಿದ್ದರಾಯಿತು. ಯಾರು ಹಾಕಿದರು ಅಂತ ಕೇಳುತ್ತೀರಿ. ನಾನೇ. ನೀವು ಲಾಳ ಹೊಡೆಯುವಾಗ ಇಪ್ಪತ್ತು ವರ್ಷ ಪಕ್ಕದಲ್ಲಿ ನಿಂತು ಮೊಳೆ ಕೊಟ್ಟವಳಿಗೆ ಅಷ್ಟೂ ಬಾರದೆ? ಆದರೆ ಮುಂಗಾಲಿಂದ ಕಿತ್ತ ಲಾಳ ನೀವು ಬಡಿದು ಕೂರಿಸಿದ್ದು, ಎಸೆಯಲು ಮನಸ್ಸಾಗಲಿಲ್ಲ. ಎರಡನ್ನೂ ತೊಳೆದು ಕಿಟಕಿಯಲ್ಲಿ ಇಟ್ಟಿದ್ದೇನೆ.

ಈಗ ಕುಂಟುವುದಿಲ್ಲ. ಮುಂಗಾಲಿನ ಸದ್ದೂ ಇಲ್ಲ. ಮೊದಲೆಲ್ಲ ನೀವು ಬೀದಿಯ ತಿರುವಿಗೆ ಬಂದದ್ದು ಲಾಳದ ಸದ್ದಿಗೇ ಗೊತ್ತಾಗಿ ಒಲೆಯ ಮೇಲೆ ನೀರಿಡುತ್ತಿದ್ದೆ. ಈಗ ಗಾಡಿಯ ಮೇಲೆ ನಾನೇ ಕೂತಿರುತ್ತೇನೆ, ಸದ್ದು ಬಂದರೂ ಕೇಳಲು ಮನೆಯಲ್ಲಿ ಯಾರಿದ್ದಾರೆ? ಹೊರಡುವ ದಿನ ನೀವು, “ಸುತ್ತಿಗೆ ಎತ್ತೋಕೆ ಆಗದವನಿಗೆ ಈ ಅಂಗಳದಲ್ಲಿ ಏನು ಕೆಲಸ?” ಅಂದಿರಿ. ನಾನು ನಿಮ್ಮ ಮಾತ್ರೆಗಳನ್ನು ಚೀಲಕ್ಕೆ ತುಂಬಿಕೊಟ್ಟೆ.

ಅತ್ತಿಗೆಯವರಿಗೆ ನನ್ನ ನಮಸ್ಕಾರ ಹೇಳಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ,
ಮೊಳೆ ಕೊಡುವವಳು

ಇದನ್ನು ಬರೆಯುವುದೇ ಮರೆತೆ: ಹಿಂಗಾಲು ಎರಡಕ್ಕೂ ಇನ್ನೂ ನಿಮ್ಮ ಉಕ್ಕೇ ಇದೆ. ನಿಮ್ಮ ದನಿ ಕೇಳದೆ ದೊರೆ ಆ ಕಾಲುಗಳನ್ನು ಯಾರಿಗೂ ಮುಟ್ಟಗೊಡುವುದಿಲ್ಲ, ಮೊನ್ನೆ ಬಕೆಟ್ಟು ಒದ್ದು ಸೊಟ್ಟ ಮಾಡಿದ. ಗೊರಸು ಬೆಳೆದು ಲಾಳ ಸಡಿಲವಾಗಿದೆ, ಇನ್ನು ಹತ್ತು ದಿನ ತಡೆದರೆ ಹೆಚ್ಚು. ಕಾಲು ನಾನು ಹಿಡಿಯುತ್ತೇನೆ, ಅಂಟು ನಾನು ಹಚ್ಚುತ್ತೇನೆ. ನೀವು ಅವನ ತಲೆಯ ಹತ್ತಿರ ಕೂತು ಮಾತಾಡುತ್ತಿರಬೇಕು, ಅಷ್ಟೇ ಕೆಲಸ. ಅಂಗಳದಲ್ಲಿ ಸ್ಟೂಲು ಹಾಕಿಟ್ಟಿದ್ದೇನೆ.