ಏಳು ಮಕ್ಕಳ ಹೋಟೆಲ್ಲು

ವೆಸ್ಟ್ ಮಾಂಬಲಂ, ಚೆನ್ನೈ
ಭಾನುವಾರ, 16 ಮಾರ್ಚ್ 2008

ಪ್ರೀತಿಯ ಜಯಾ,

ನೀನು ಬೈಯೋದಕ್ಕೆ ಮುಂಚೆ ನಾನೇ ಬೈಕೊಂಡುಬಿಡ್ತೀನಿ. ಸಂಕ್ರಾಂತಿಗೆ ಎಳ್ಳಿನ ಜೊತೆ ನೀನು ಕಳಿಸಿದ ಕಾಗದ ಬಂದು ಎರಡು ತಿಂಗಳಾಯ್ತು. ಎಳ್ಳು ಒಂದೇ ವಾರಕ್ಕೆ ಖಾಲಿ, ಉತ್ತರ ಮಾತ್ರ ಇವತ್ತು. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ನಿನ್ನ ಕಿವಿಗೋಸ್ಕರ ನಾನು ಕೂಗಿಕೊಂಡರೆ ನಿನಗೊಬ್ಬಳಿಗೆ ಬಿಟ್ಟು ಇಡೀ ಬಿಲ್ಡಿಂಗಿಗೆ ಕೇಳಿಸುತ್ತೆ.

ಮೈಸೂರಿನ ಹವಾ ಒಗ್ಗಿತಾ? ತಮ್ಮ, ನಾದಿನಿ ಎಲ್ಲ ಚೆನ್ನಾಗಿ ನೋಡ್ಕೋತಿದ್ದಾರಾ? ತಮ್ಮನ ಮೊಮ್ಮಗಳು ಸಂಹಿತಾ ಜೂನ್‌ನಲ್ಲಿ ಸ್ಕೂಲಿಗೆ ಹೋಗ್ತಾಳೆ ಅಂತ ಬರೆದಿದ್ದೀಯ. ಈಗಲೇ ಪೆನ್ಸಿಲ್ ಹಿಡಿಸಿ ಅ ಆ ತಿದ್ದಿಸೋಕೆ ಶುರು ಮಾಡಿದ್ದೀಯ ಅನ್ನೋದು ನನಗೆ ಗೊತ್ತು, ನಿನ್ನ ಬುದ್ಧಿ ಇವತ್ತಿಂದಾ ನೋಡಿರೋದು? ಬಿಟ್ಟುಬಿಡು ಅದನ್ನ. ಮಣ್ಣಲ್ಲಿ ಆಡಲಿ, ಚಪಾತಿ ಹಿಟ್ಟು ಕೊಡು, ಬೆರಳು ಗಟ್ಟಿಯಾಗಲಿ.

ನನ್ನ ವಿಷಯ ಏನಿದೆ? ಇವರು ತೀರಿಹೋಗಿ ಆರು ವರ್ಷ, ನೀನು ಮೈಸೂರಿಗೆ ಹೋಗಿ ಎರಡು ವರ್ಷ. ಎದುರುಮನೆ ಶ್ರೀಪ್ರಿಯಾ ಶೋಳಿಂಗನಲ್ಲೂರಿನ ಆಫೀಸಿಗೆ ಕ್ಯಾಬ್ ಹತ್ತಿದಳು ಅಂದರೆ ನಮ್ಮ ಮಹಡಿಯಲ್ಲಿ ಮಾತೇ ಇಲ್ಲ. ಶುಕ್ರವಾರ ಸಂಜೆ ಸ್ಕೂಲು ಬಿಟ್ಟರೆ ಸೋಮವಾರ ಬೆಳಿಗ್ಗೆವರೆಗೆ ನನ್ನ ಬಾಯಲ್ಲಿ ಕನ್ನಡದ ಒಂದು ಶಬ್ದ ಹೊರಡಲ್ಲ ಕಣೇ. ಹಾಲಿನವನ ಹತ್ತಿರ ತಮಿಳು, ಬ್ಯಾಂಕಲ್ಲಿ ಇಂಗ್ಲಿಷು. ಭಾನುವಾರ ಅಂದರೆ ನನಗೆ ಭಯ. ಎಲ್ಲರೂ ರಜಾ ಯಾವಾಗ ಅಂತ ಕಾಯ್ತಾರೆ, ನಾನು ಸೋಮವಾರ ಯಾವಾಗ ಅಂತ ಕಾಯ್ತೀನಿ. ಇಷ್ಟು ಹೇಳಿದರೆ ಸಾಕು, ಮುಂದೆ ಬರೆಯೋದು ನಿನಗೆ ಅರ್ಥ ಆಗುತ್ತೆ.

ಸ್ಕೂಲಲ್ಲಿ ಈಗ ಹೊಸ ಪದ್ಧತಿ. ಟೀಚರಿಗೆ ಕುರ್ಚಿ ಇಲ್ಲ! ಚಾಪೆ ಮೇಲೆ ಮಕ್ಕಳ ಜೊತೆ ಕೂತು ಕಲಿಸಬೇಕು. ನನ್ನ ಮೊಣಕಾಲಿನ ಗತಿ ನೀನೇ ಯೋಚಿಸು. ಗೋಡೆ ಸುತ್ತ ಮಕ್ಕಳ ಎತ್ತರಕ್ಕೆ ಕಪ್ಪು ಬಣ್ಣ ಬಳಿದು ಒಬ್ಬೊಬ್ಬರಿಗೆ ಒಂದೊಂದು ಬೋರ್ಡು ಮಾಡಿದ್ದಾರೆ. ಪಾಠವೆಲ್ಲ ಕಾರ್ಡಿನಲ್ಲಿ, ಮಗು ತನ್ನ ಕಾರ್ಡು ತಾನೇ ತಗೊಂಡು, ತನ್ನ ಪಾಡಿಗೆ ಕಲೀತಾ ಹೋಗಬೇಕು. ತಮಿಳು ಕಾರ್ಡು, ಲೆಕ್ಕದ ಕಾರ್ಡು ಪೆಟ್ಟಿಗೆಗಟ್ಟಲೆ ಬಂದವು. ಕನ್ನಡದ್ದು ಬರಲೇ ಇಲ್ಲ. ನನ್ನ ಕನ್ನಡ ಒಂದನೇ ಕ್ಲಾಸಲ್ಲಿ ಈ ವರ್ಷ ಏಳೇ ಏಳು ಮಕ್ಕಳು, ಅವಕ್ಕೋಸ್ಕರ ಯಾರು ಅಚ್ಚು ಹಾಕಿಸ್ತಾರೆ ಹೇಳು? ಮನೇಲಿದ್ದ ಹಳೇ ಮದುವೆ ಕಾಗದಗಳನ್ನೆಲ್ಲ ಕತ್ತರಿಸಿ, ಹಿಂದುಗಡೆ ಸ್ಕೆಚ್ ಪೆನ್ನಲ್ಲಿ ನಾನೇ ಬರೆದೆ, ಚಿತ್ರಾನೂ ಬಿಡಿಸಿದೆ. ನನ್ನ ಆನೆಗೆ ನಾಯಿ ಕಾಲು ಬಂತು. ಮಕ್ಕಳು ದೊಡ್ಡ ಮನಸ್ಸು ಮಾಡಿ ಆನೆ ಅಂತಲೇ ಒಪ್ಪಿಕೊಂಡವು.

ಏಳೂ ಮಕ್ಕಳ ಅಪ್ಪಂದಿರು ಮಧ್ವರಾಜರ ಹೋಟೆಲಿನಲ್ಲೇ ಕೆಲಸ ಮಾಡೋರು. ಅಡುಗೆಯವರು, ಸಪ್ಲೈ ಮಾಡೋರು, ಎಲ್ಲ ಉಡುಪಿ ಕುಂದಾಪುರದ ಕಡೆಯವರು. ಮನೇಲಿ ಕನ್ನಡ ಕೇಳ್ತಾವೆ ಪಾಪ, ಆದರೆ ಕ್ಲಾಸಲ್ಲಿ ಏನು ಕೇಳಿದರೂ "ತೆರಿಯಾದು ಮಿಸ್", ಗೊತ್ತಿಲ್ಲ ಅನ್ನೋದೂ ತಮಿಳಲ್ಲೇ. ನನಗೆ ರೋಸಿಹೋಗಿತ್ತು. ಜನವರಿಯಲ್ಲಿ ಒಂದು ದಿನ ಕಾರ್ಡಿನ ಮೇಲೆ ಇಡ್ಲಿ, ವಡೆ, ದೋಸೆ, ಬನ್ಸ್, ಉಪ್ಪಿಟ್ಟು ಅಂತ ಬರೆದು, ಬನ್ರೋ ಹೋಟೆಲ್ ಆಟ ಆಡೋಣ ಅಂದೆ. ಅಯ್ಯೋ ಜಯಾ, ನೀನು ಇರಬೇಕಿತ್ತು! ಕಟ್ಟೆ ಒಡೆದ ಹಾಗೆ ಕನ್ನಡ ಬಂತು. ಸಪ್ಲೈ ಮಾಡೋ ಮಿಥುನ್ ಗಿರಾಕಿ ಕೇಳಿದ್ದನ್ನ ಚೀಟಿಯಲ್ಲಿ ಬರೀಬೇಕು, ಅಡುಗೆಯವರು ಅದನ್ನ ಓದಿ ಸರಿಯಾದ ಕಾರ್ಡು ತಟ್ಟೆಗೆ ಹಾಕಬೇಕು. ಮೊದಮೊದಲು ಬನ್ಸ್ ಕೇಳಿದರೆ ಉಪ್ಪಿಟ್ಟು ಬರ್ತಿತ್ತು. ಮೂರನೇ ವಾರಕ್ಕೆ ಏಳರಲ್ಲಿ ಐದು ಮಕ್ಕಳು ತಪ್ಪಿಲ್ಲದೆ ಓದಿದವು.

ಒಂದೇ ಒಂದು ತೊಂದರೆ. ಗಿರಾಕಿ ಆಗೋಕೆ ಯಾರೂ ತಯಾರಿಲ್ಲ. ನಾನು ಸೋಮಾರಿತನ ಅಂದುಕೊಂಡೆ. ಆಮೇಲೆ ಹೊಳೀತು, ಇವು ಯಾವತ್ತೂ ಆ ಹೋಟೆಲಿನ ಮೇಜಿನ ಮುಂದೆ ಕೂತು ತಿಂದೇ ಇಲ್ಲ. ಹಿಂದಿನ ಬಾಗಿಲಿಂದ ಹೋಗಿ ಅಪ್ಪನ್ನ ನೋಡ್ಕೊಂಡು ಬರೋ ಮಕ್ಕಳು. ಕೂತವರು ಏನು ಮಾಡ್ತಾರೆ ಅಂತ ಅವಕ್ಕೆ ಗೊತ್ತೇ ಇಲ್ಲ. ಸರಿ, ದಿನಾ ನಾನೇ ಗಿರಾಕಿ. ಮಿಥುನ್ ಭುಜದ ಮೇಲೆ ಕರ್ಚೀಫ್ ಹಾಕ್ಕೊಂಡು ಬಂದು, "ಒಬ್ಬರೇನಾ ಮಿಸ್?" ಅಂತಾನೆ. "ಒಬ್ಬಳೇ ಕಣೋ" ಅಂತೀನಿ. ದಿನಾ ಒಂದು ಗಂಟೆ ಏಳು ಜನ ಸೇರಿ ನನಗೆ ಉಪಚಾರ ಮಾಡ್ತಿದ್ದರು. ನಿಜ ಹೇಳ್ತೀನಿ, ಆ ಕಾಗದದ ಇಡ್ಲಿಯಷ್ಟು ಖುಷಿಯಾಗಿ ನಾನು ಮನೇಲಿ ಒಂದು ದಿನಾನೂ ಊಟ ಮಾಡಿಲ್ಲ.

ಧಣಿ ಆಗೋಕೂ ಯಾರಿಗೂ ಧೈರ್ಯ ಇರಲಿಲ್ಲ, ವೀಕ್ಷಾ ಒಬ್ಬಳನ್ನ ಬಿಟ್ಟು. ದೋಸೆಕಲ್ಲಿನ ಮುಂದೆ ನಿಲ್ಲೋ ಪಂಢರಿನಾಥನ ಮಗಳು. ಮುಂದಿನ ಎರಡು ಹಲ್ಲು ಬಿದ್ದಿದೆ, ಆದರೂ ಜೋರು ನೋಡಬೇಕು. ರಟ್ಟಿನ ಕನ್ನಡಕ ಮಾಡಿಕೊಟ್ಟಿದ್ದೆ. ಅದನ್ನ ಹಣೆ ಮೇಲೆ ಏರಿಸಿ, ಮೂಲೆಯಲ್ಲಿ ಉಳಿದಿದ್ದ ಹಳೇ ಡೆಸ್ಕಿನ ಹಿಂದೆ ಕೂತು ಎಲ್ಲರ ಮೇಲೂ ಕಣ್ಣಿಡೋಳು. ಆಟ ಮುಗಿದ ಮೇಲೆ ಬಂದು ನನ್ನ ತೊಡೆಗೆ ಒರಗಿಕೊಂಡು ಕೂರೋಳು. ಹೋಗೇ ಸೆಕೆ ಅಂದರೂ ಹೋಗ್ತಿರಲಿಲ್ಲ. ನಾನೂ ಮನಸ್ಸಿಟ್ಟು ಓಡಿಸ್ತಿರಲಿಲ್ಲ ಬಿಡು.

ಇಷ್ಟರಲ್ಲಿ ಕಮಿಟಿಯ ಸುದ್ದಿ ಬಂತು. ಅಧ್ಯಕ್ಷರು ಯಾರು ಅಂತ ಗೊತ್ತಲ್ಲ, ಅದೇ ಮಧ್ವರಾಜರು. ಮುಂದಿನ ಜೂನ್‌ನಿಂದ ಕನ್ನಡ ಒಂದನೇ ಕ್ಲಾಸು ಬೇಡ, ಏಳು ಮಕ್ಕಳಿಗೆ ಒಂದು ಕೋಣೆ ಒಬ್ಬ ಟೀಚರ್ ಅಂದರೆ ದಂಡ, ನನ್ನನ್ನ ಆಫೀಸಲ್ಲಿ ರಿಜಿಸ್ಟರ್ ಬರೆಯೋಕೆ ಕೂರಿಸೋಣ ಅಂತ ಮಾತಾಡಿಕೊಂಡಿದ್ದರಂತೆ. ಸರ್ವೀಸು ಇನ್ನೆರಡು ವರ್ಷ ಇದೆ. ಆ ಎರಡು ವರ್ಷ ಬೀರುಗಳ ಮಧ್ಯೆ ಕೂತ್ಕೊಳ್ಳೋದು ನನ್ನ ಕೈಲಿ ಆಗಲ್ಲ ಅನ್ನಿಸ್ತು. ಸೀದಾ ಹೋಗಿ, "ಸಾರ್, ಒಂದು ದಿನ ಬಂದು ಕ್ಲಾಸು ನೋಡಿ, ಆಮೇಲೆ ತೀರ್ಮಾನ ಮಾಡಿ" ಅಂದೆ. "ಆಯ್ತು, ಬರುವ" ಅಂದರು.

ಫೆಬ್ರವರಿ ಕೊನೇ ಶುಕ್ರವಾರ ಹೆಂಡತಿ ರತ್ನಾವತಿಯವರನ್ನೂ ಕರ್ಕೊಂಡು ಬಂದರು. ಅವತ್ತು ಅವರಿಬ್ಬರೇ ಗಿರಾಕಿಗಳು. ಚಾಪೆ ಮೇಲೆ ಕೂತು ಉಪ್ಪಿಟ್ಟು ಕೇಳಿದರು, ಬನ್ಸ್ ಕೇಳಿದರು. ಮಿಥುನ್ ಬರೆದ, ಅಡುಗೆಯವರು ಓದಿದರು, ಒಂದೂ ತಪ್ಪಿಲ್ಲ. ರತ್ನಾವತಿಯವರು ಬಾಯಿಗೆ ಸೆರಗು ಇಟ್ಕೊಂಡು ನಕ್ಕಿದ್ದೇ ನಕ್ಕಿದ್ದು. ನನ್ನ ಎದೆ ಹಗುರಾಯ್ತು. ಅಷ್ಟರಲ್ಲಿ ಮಿಥುನ್ ನೀರಿನ ಲೋಟ ಚೆಲ್ಲಿದ. ವೀಕ್ಷಾ ಕನ್ನಡಕ ಹಣೆಗೇರಿಸಿ, ಡೆಸ್ಕಿಗೆ ಅಂಗೈ ಬಡಿದು, "ಎಂಥದ್ದು ಮಾರಾಯ, ಕಣ್ಣು ಕಿಸೆಯಲ್ಲಿ ಉಂಟಾ? ಇವತ್ತೇ ಊರಿನ ಬಸ್ಸು ಹತ್ತಿಸ್ತೇನೆ ನೋಡು!" ಅಂದಳು.

ಅದೇ ಕನ್ನಡಕ, ಅದೇ ಅಂಗೈ, ಅದೇ ರಾಗ, ಥೇಟು ಮಧ್ವರಾಜರೇ. ರತ್ನಾವತಿಯವರ ನಗು ನಿಂತುಹೋಯ್ತು. ಮಧ್ವರಾಜರು ಮಾತ್ರ ನಕ್ಕರು, ಆದರೆ ಅದು ಮುಖದಲ್ಲಿ ಸರಿಯಾಗಿ ಕೂರಲಿಲ್ಲ. ಮಗುವಿನ ತಲೆ ನೇವರಿಸಿ, ಯಾರ ಮಗಳು ನೀನು ಅಂತ ಕೇಳಿದರು. ಇವಳು ಹೆಮ್ಮೆಯಿಂದ ಅಪ್ಪನ ಹೆಸರು ಹೇಳಿದಳು. ಹೊರಗೆ ಬಂದಮೇಲೆ ನನ್ನ ಕಡೆ ತಿರುಗಿ, "ಇದನ್ನ ಯಾರು ಹೇಳಿಕೊಟ್ಟದ್ದು ಟೀಚರೇ?" ಅಂದರು. ನಾನು ಏನೋ ಒಂದು ಹೇಳಿದೆ. ಅವರು ತಲೆಯಾಡಿಸಿದರು. "ಮಕ್ಕಳು ಓದ್ತಾವೆ, ಅದು ಮುಖ್ಯ. ಜೂನ್‌ನಲ್ಲಿ ಕ್ಲಾಸು ನಡೀಲಿ" ಅಂದರು.

ನಡೀಲಿ ಅಂದರು ಜಯಾ! ಅವತ್ತು ಸಂಜೆ ಸ್ಟೇಷನ್ ಹತ್ತಿರ ಮೊಳ ಮಲ್ಲಿಗೆ ತಗೊಂಡು ದೇವರಿಗೆ ಹಾಕಿದೆ. ಆರು ವರ್ಷದಲ್ಲಿ ಮೊದಲ ಸಲ ಒಬ್ಬಳಿಗೋಸ್ಕರವೇ ಹಯಗ್ರೀವ ಮಾಡಿಕೊಂಡೆ.

ಅದಾಗಿ ಹತ್ತು ದಿನಕ್ಕೆ, ಪರೀಕ್ಷೆ ಕೂಡ ಆಗಿಲ್ಲ, ಪಂಢರಿನಾಥ ಮಗಳ ಕೈ ಹಿಡಿದುಕೊಂಡು ಟಿ.ಸಿ. ಕೇಳೋಕೆ ಬಂದ. ಕೆಲಸ ಬಿಡಿಸಿದ್ದಾರೆ, ಸಂಸಾರ ಸಮೇತ ಊರಿಗೆ ಹೊರಟಿದ್ದಾನೆ. ಹನ್ನೊಂದು ವರ್ಷ ಅದೇ ಕಲ್ಲಿನ ಮುಂದೆ ನಿಂತವನು. ಕೈ ಮುಗಿದು ಹೇಳಿದ: "ಟೀಚರೇ, ಧಣಿಗಳ ವಿಷಯ ನಾನು ಮನೆಯಲ್ಲಿ ಒಂದು ದಿನ ಮಾತಾಡಿದವನಲ್ಲ. ಅವರ ಅನ್ನ ತಿಂದವ ನಾನು. ನನಗೆ ಯಾವತ್ತೂ ಅವರು ಹಾಗೆ ಬೈದದ್ದೂ ಇಲ್ಲ. ಇದಕ್ಕೆ ಎಲ್ಲಿಂದ ಬಂತು ಆ ಮಾತು ಅಂತ ಕೇಳಿ ಕೇಳಿ ಸಾಕಾಯ್ತು. ಒಂದು ಪೆಟ್ಟೂ ಕೊಟ್ಟೆ. ಬಾಯಿ ಬಿಡುವುದಿಲ್ಲ. ನಿಮಗೆ ಅವಮಾನ ಆಯ್ತು, ಕ್ಷಮಿಸಬೇಕು." ನನ್ನ ಹತ್ತಿರ ಕ್ಷಮೆ ಕೇಳಿದ ಕಣೇ! ಮಕ್ಕಳ ಬಾಯಿ, ಯಾವಾಗ ಏನು ಬರುತ್ತೆ ಅಂತ ಯಾರಿಗೆ ಗೊತ್ತಪ್ಪ ಅಂದೆ. ಟಿ.ಸಿ. ಬರೆದುಕೊಟ್ಟೆ. ಅವಳ ಬೋರ್ಡಿನ ಮೇಲೆ ಅವಳು ಕೊನೇ ಸಲ ಬರೆದ ದೋಸೆ, ವಡೆ ಹಾಗೇ ಇತ್ತು. ಒರೆಸೋಕೆ ಇವತ್ತಿಗೂ ಕೈ ಹೋಗಿಲ್ಲ.

ಈಗ ಆರು ಮಕ್ಕಳು. ಹೋಟೆಲ್ ಆಟ ನಿಲ್ಲಿಸಿದ್ದೀನಿ. ಮಿಥುನ್ ದಿನಾ ಕೇಳ್ತಾನೆ, ತಮಿಳಲ್ಲಿ. ನಾಳೆ ಆಡೋಣ ಅಂತ ಸಾಗಹಾಕ್ತೀನಿ. ಸೋಮವಾರ ಬಂದರೂ ಈಗ ಮೊದಲಿನ ಹಾಗೆ ಇಲ್ಲ.

ನಿನ್ನ ಕಾಗದಕ್ಕೆ ಉತ್ತರ ಬರೀತಾ ನನ್ನದೇ ಪುರಾಣ ಆಯ್ತು. ಬಿಸಿಲಲ್ಲಿ ತಿರುಗಬೇಡ, ಕಣ್ಣಿನ ಆಪರೇಷನ್ ಮುಂದಕ್ಕೆ ಹಾಕಬೇಡ. ತಮ್ಮನಿಗೂ ನಾದಿನಿಗೂ ನನ್ನ ನೆನಪು ತಿಳಿಸು. ಸಂಹಿತಾಗೆ ನನ್ನ ಆಶೀರ್ವಾದ, ನೂರು ವರ್ಷ ನಗುನಗುತ್ತಾ ಓದಲಿ. ಒಳ್ಳೇ ಟೀಚರ್ ಸಿಗಲಿ ಅವಳಿಗೆ.

ನಿನ್ನ,
ವೆಂಕಟಲಕ್ಷ್ಮಿ

ತಾ.ಕ.: ಕವರಿಗೆ ಗೋಂದು ಹಚ್ಚಿ ಮತ್ತೆ ಬಿಚ್ಚಿದೆ. ಆ ಮಾತು ಹೇಳಿಕೊಟ್ಟವಳು ನಾನೇ ಜಯಾ. ಒಂದು ದಿನ ಕಾಫಿಗೆ ಹೋದಾಗ ಮಧ್ವರಾಜರು ಸಪ್ಲೈಯರ್ ಒಬ್ಬನಿಗೆ ಎಲ್ಲರೆದುರು ಹಾಗೆ ಬೈದಿದ್ದನ್ನ ಕೇಳಿದ್ದೆ. ಕ್ಲಾಸು ದಂಡ ಅಂದಿದ್ದ ಸಿಟ್ಟೂ ಇತ್ತು. ವೀಕ್ಷಾ ಧಣಿ ಏನು ಮಾತಾಡಬೇಕು ಮಿಸ್ ಅಂತ ಕೇಳಿದಾಗ, ಕನ್ನಡಕ ಏರಿಸೋದು, ಅಂಗೈ ಬಡಿಯೋದು ಸಮೇತ ಹೇಳಿಕೊಟ್ಟು ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ವಿ. ನಾನು ಹೇಳಿಕೊಟ್ಟೆ ಅಂತ ಯಾರಿಗೂ ಹೇಳಬೇಡ ಅಂದಿದ್ದೆ. ಅವರು ಬರೋ ದಿನ ಇದನ್ನ ಬಿಟ್ಟುಬಿಡು ಅಂತ ಹೇಳೋಕೆ ಮರೆತೆ. ಯಾರು ಹೇಳಿಕೊಟ್ಟದ್ದು ಅಂತ ಅವರು ಕೇಳಿದಾಗ ನಾನು ಹೇಳಿದ್ದು, "ಮನೇಲಿ ಏನು ಕೇಳ್ತಾವೋ ಅದನ್ನೇ ಹೇಳ್ತಾವೆ ಸಾರ್." ಆ ಉತ್ತರಕ್ಕೇ ನನಗೆ ಕ್ಲಾಸು ಸಿಕ್ಕಿದ್ದು, ಪಂಢರಿನಾಥನ ಕೆಲಸ ಹೋಗಿದ್ದು. ಅಪ್ಪನ ಕೈಯಲ್ಲಿ ಪೆಟ್ಟು ತಿಂದರೂ ಆ ಮಗು ನನ್ನ ಹೆಸರು ಹೇಳಲಿಲ್ಲ. ಟಿ.ಸಿ. ತಗೊಳ್ಳೋವಾಗಲೂ ನನ್ನ ಮುಖಾನೇ ನೋಡ್ತಾ ನಿಂತಿದ್ದಳು, ನಾನು ಹೇಳ್ತೀನಿ ಅಂತ. ನಾನು ಹೇಳಲಿಲ್ಲ.