ಆ ಫೋಟೋ ನನ್ನದ

ರಾಣೆಬೆನ್ನೂರು
ತಾ. 17-9-2008, ಬುಧವಾರ

ಪೂಜ್ಯ ಅತ್ತಿಯವರಿಗೆ ಸೊಸಿ ಶ್ರೀದೇವಿಯ ಶರಣು.

ನಿಮ್ಮ ಮೊಣಕಾಲು ಹೆಂಗ ಅದಾವ್ರಿ? ಜಯಕ್ಕನ ಹಿತ್ತಲಕ್ಕ ಹೋಗಾಕ ಮೂರು ಮೆಟ್ಟಲಾ ಇಳೀಬೇಕು, ನಸುಕಿನ್ಯಾಗ ಒಬ್ಬರ ಇಳೀಬ್ಯಾಡ್ರಿ, ನಿಮ್ಮ ಮಗಳನ್ನ ಎಬ್ಬಸ್ರಿ. ಸಕ್ಕರಿ ಗುಳಗಿ ಕಪಾಟಿನ್ಯಾಗ ಬಿಟ್ಟು ಹೋಗಿದ್ರಿ. ಬ್ಯಾಡಗಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟು ಕಳಿಸಿದ್ದೆ, ಮುಟ್ಯಾವು ಅಂತ ಜಯಕ್ಕ ಹೇಳಿದಳು. ಬಿಳೀ ಗುಳಗಿ ಊಟಕ್ಕ ಮೊದಲು, ಗುಲಾಬಿದು ಊಟ ಆದಮ್ಯಾಲೆ. ನೀವು ಅದಲಬದಲ ಮಾಡತೀರಿ ಅಂತ ಬರದೇನಿ. ಐಶ್ವರ್ಯ ಆರಾಮ ಅದಾಳ. ಜಡಿ ಹಾಕೂ ಮುಂದ ನನ್ನ ಕೈ ಬಿಗಿ ಅಂತ, ಅಜ್ಜಿ ಕೈನ ಬೇಕಂತ, ಹತ್ತು ದಿನದಿಂದ ತಾನ ಹೆಂಗರೆ ಹಾಕ್ಕೊಂಡು ಸಾಲಿಗೆ ಹೋಗಾಕತ್ತಾಳ. ನಾನೂ ಆರಾಮ ಅಂತ ಬರದಿದ್ದೆ. ಆಮ್ಯಾಲೆ ಅದರ ಮ್ಯಾಲೆ ಗೀಟು ಹೊಡದೇನಿ, ನಿಮಗ ಕಾಣಸ್ತಿರಬೇಕು.

ಫೋನ್ ಮಾಡಿದಾಗೆಲ್ಲಾ ಜಯಕ್ಕ ‘ಅವ್ವ ಮಲಗ್ಯಾಳ’ ಅಂತಾಳ. ಮುಂಜಾನೆ ಹತ್ತಕ್ಕ ಮಾಡಿದರೂ ಮಲಗ್ಯಾಳ, ಸಂಜೆ ಐದಕ್ಕ ಮಾಡಿದರೂ ಮಲಗ್ಯಾಳ. ನಾ ಈ ಮನಿಗೆ ಬಂದಾಗಿಂದ ಹಗಲಹೊತ್ತಿನ್ಯಾಗ ಬೆನ್ನು ನೆಲಕ್ಕ ಹಚ್ಚದವರು ನೀವು. ಅದಕ್ಕ ಪತ್ರ ಬರಿಯಾಕ ಕುಂತೇನಿ. ನೀವು ನಾಕನೇತ್ತಾ ಕಲತವರು, ಅಕ್ಷರ ದಪ್ಪ ದಪ್ಪ ಬರದೇನಿ, ತಡಾ ಆದರೂ ನೀವ ಓದ್ರಿ, ಜಯಕ್ಕನ ಕಡೆ ಓದಸಬ್ಯಾಡ್ರಿ. ಗಣಪತಿ ಕಳಿಸಿದ ದಿನ ನಾ ಭಾಂಡೆ ತಿಕ್ಕಾಕತ್ತಿದ್ದೆ, ನೀವು ಹಿಂದ ಬಂದು ನಿಂತು ಕೇಳಿದ್ರಿ, ‘ಆ ಕಂಪ್ಯೂಟರಿನ್ಯಾಗಿನ ಫೋಟೋ ನಿಂದೇನವಾ?’ ನಾ ತಿರುಗಿ ಸೈತ ನೋಡಲಿಲ್ಲ. ‘ಯಾರದೋ ಇರಬೇಕ್ರಿ ಅತ್ತಿ, ನನ್ನಂಗ ಕಂಡಿರಬೇಕು’ ಅಂದೆ. ಮರುದಿನ ನಾ ಕೆಲಸದಿಂದ ಬರೂದ್ರಾಗ ನಿಮ್ಮ ಚೀಲ ಇರಲಿಲ್ಲ, ನೀವೂ ಇರಲಿಲ್ಲ. ಈಗ ಹೇಳತೇನಿ ಅತ್ತಿ. ಆ ಫೋಟೋ ನನ್ನದ. ಜಯಕ್ಕನ ಮೈದುನ ತನ್ನ ಗೆಳೆಯಾಗ ಹೆಣ್ಣು ಹುಡಕೂ ಮುಂದ ಕಂಪ್ಯೂಟರಿನ್ಯಾಗ ನೋಡಿದ್ದು ಖರೇ, ಅವರು ಬಂದು ನಿಮಗ ಹೇಳಿದ್ದೂ ಖರೇ. ಸುಳ್ಳು ಹೇಳಿದಾಕಿ ನಾ ಒಬ್ಬಾಕೇ.

ಇದು ಸಂಕ್ರಾಂತಿ ಆದಮ್ಯಾಲೆ ಚಾಲೂ ಆತು. ನಮ್ಮ ಬೀಜದ ಕಂಪನಿಯ ಲ್ಯಾಬಿನ್ಯಾಗ ನನ್ನ ಜೋಡಿ ಕೆಲಸ ಮಾಡೂ ರೋಹಿಣಿ ಒಂದಿನ ಊಟದ ಹೊತ್ತಿನ್ಯಾಗ ಕಂಪ್ಯೂಟರ್ ಮುಂದ ಕುಂದರಿಸಿ ಲಗ್ನದ ವೆಬ್‌ಸೈಟಿನ್ಯಾಗ ನನ್ನ ಹೆಸರು ಬರದಳು. ನಾ ಬ್ಯಾಡ ಅಂದೆ, ಆದರ ಕುರ್ಚಿ ಬಿಟ್ಟು ಏಳಲಿಲ್ಲ. ವಯಸ್ಸು ನಲವತ್ತೊಂದು, ಗಂಡ ತೀರಿಕೊಂಡು ಏಳು ವರ್ಷ, ಎಲ್ಲಾ ಕೇಳತೈತಿ ಅದು. ಮಕ್ಕಳ ವಿಷಯಕ್ಕ ಮೂರು ಉತ್ತರ ಕೊಟ್ಟಿರತೈತಿ: ‘ಮಕ್ಕಳಿಲ್ಲ’, ‘ಅದಾರ, ಜೋಡಿ ಇರತಾರ’, ‘ಅದಾರ, ಜೋಡಿ ಇರೂದಿಲ್ಲ’. ರೋಹಿಣಿ ಶಾಣ್ಯಾತನ ಮಾಡಿ ಮೂರನೇದ್ದು ಒತ್ತಿದಳು. ಒಂದು ವಾರದಾಗ ಮೂವತ್ತಾರು ಮಂದಿ ಬರದಿದ್ದರು. ಐಶ್ವರ್ಯ ನಮ್ಮ ಮಗ್ಗಲದಾಗ ಮಲಗತಾಳ, ಇಲ್ಲಿ ನೋಡಿದರ ಆಕಿ ನನ್ನ ಜೋಡಿ ಇಲ್ಲ. ಮರುದಿನ ನಾನ ಹೋಗಿ ಎರಡನೇದ್ದು ಒತ್ತಿಸಿದೆ. ಆ ವಾರ ಬರದವರು ಮೂರ ಮಂದಿ. ಐಶ್ವರ್ಯ ಬಂದಳು ಅನ್ನೂದ ತಡ, ಗಂಡಸರೆಲ್ಲಾ ಎದ್ದು ಹೋದರು. ಇನ್ನ ಫೋಟೋದ ಮಾತು. ನಂದೊಂದ ಫೋಟೋ ಎಲ್ಲಿ ಐತ್ರಿ ಮನಿಯಾಗ? ಐಶ್ವರ್ಯನ ಮೊದಲನೇ ವರ್ಷದ ಹುಟ್ಟಿದ ದಿನದ್ದು ಕೊಟ್ಟೆ. ಅದರಾಗ ನಿಮ್ಮ ಮಗ ಬಾಜು ನಿಂತಾರ. ರೋಹಿಣಿ ಅವರನ್ನ ಕತ್ತರಿಸಿ ತಗದಳು, ಆದರ ನನ್ನ ಭುಜದ ಮ್ಯಾಲೆ ಅವರ ಕೈಯ ನಾಕು ಬಟ್ಟು ಉಳದವು. ಅವನ್ನೂ ಒಂದೊಂದ ಅಳಿಸಿದಳು. ನಾ ನೋಡಕೋತ ಕುಂತಿದ್ದೆ. ಆವತ್ತು ಮನಿಗೆ ಬಂದು ನಿಮ್ಮ ಮಾರಿ ನೋಡಾಕ ಆಗಲಿಲ್ಲ. ತಲಿ ನೋವು ಅಂದೆ, ನೀವು ಬೆಲ್ಲದ ಚಾ ಮಾಡಿ ಕೊಟ್ರಿ.

ಬಂದ ಮಂದಿ ಸುದ್ದಿ ಎಲ್ಲಾ ಬರದರ ನಿಮ್ಮ ಕಣ್ಣು ಸೋಲತಾವ. ದಾವಣಗೆರಿಯಾಂವ ಒಬ್ಬ ನಲವತ್ತೈದು ಅಂತ ಬರದಿದ್ದ, ಬಂದು ನಿಂತ್ರ ನಮ್ಮ ಮಾವನ ಗೆಳೆಯನಂಗ ಇದ್ದ, ಫೋಟೋ ಅವನ ಮಗಂದೋ ಏನೋ. ಹಾವೇರಿ ಬಸ್‌ಸ್ಟ್ಯಾಂಡ್ ಮುಂದಿನ ಹೋಟೆಲಿನ್ಯಾಗ ಒಬ್ಬಾಂವ ತನ್ನ ಅಕ್ಕನ್ನ ಕರಕೊಂಡು ಬಂದಿದ್ದ. ಆಕಿ ನನಗ ಕೇಳಿದ್ದು ಎರಡ ಮಾತು. ಹಾಸಿಗಿ ಹಿಡದ ಮುದುಕಿನ್ನ ಎತ್ತಿ ಕುಂದರಸೂವಷ್ಟು ಶಕ್ತಿ ಐತೇನು, ಹುಡುಗಿನ್ನ ಯಾವ ಹಾಸ್ಟೆಲಿಗೆ ಹಾಕತೀರಿ. ತಮ್ಮ ಇಡ್ಲಿ ತಿಂದು ಕೈ ತೊಳಕೊಂಡ. ಇನ್ನೊಬ್ಬ ಹೆಸರು ಹೇಳದ ದಿನಾ ‘ಹಾಯ್’ ಅಂತ ಒಂದ ಶಬ್ದ ಕಳಸ್ತಿದ್ದ, ನಾ ನಮಸ್ಕಾರ್ರಿ ಅಂದ್ರ ಮಾಯ, ಮರುದಿನ ಮತ್ತ ‘ಹಾಯ್’. ರೋಹಿಣಿ ನಗತಿದ್ದಳು. ನನಗ ನಗು ಬರತಿದ್ದಿಲ್ಲ. ಅಂಗಡಿಯಾಗ ಸೀರಿ ಬಿಚ್ಚಿ ನೋಡಿ ಮಡಚದ ಹೋಗತಾರಲ್ಲ, ಹಂಗ ಅನಸ್ತಿತ್ತು.

ಆದರ ಒಬ್ಬ ಇದ್ದ. ಅವನ ಹೆಸರು ಬರಿಯೂದಿಲ್ಲ. ಹಾವೇರಿಯಾಂವ, ಹೆಂಡತಿ ಇಲ್ಲ ಅಂತ ಬರದಿದ್ದ. ಎರಡು ತಿಂಗಳು ದಿನಾ ಇಂಗ್ಲಿಷ್ ಅಕ್ಷರದಾಗ ಕನ್ನಡ ಬರೀತಿದ್ದ, ಐಶ್ವರ್ಯನ ಪರೀಕ್ಷಾ ಹೆಂಗಾತು ಅಂತ ಕೇಳತಿದ್ದ. ಸಂಜೆ ಕೆಲಸ ಬಿಟ್ಟ ಮ್ಯಾಲೆ ಸ್ಟೇಶನ್ ರೋಡಿನ ಇಂಟರ್‌ನೆಟ್ ಅಂಗಡಿಗೆ ಹೋಗಿ ಓದಿ ಬರತಿದ್ದೆ. ನಿಮಗ ಕಾಯಿಪಲ್ಯ ತರಾಕ ತಡಾ ಆತು ಅಂತ ಹೇಳತಿದ್ದೆ. ಒಂದಿನ ಅವನ ಬರವಣಿಗಿ ನಿಂತು ಹೋತು. ಎಂಟು ದಿನ ತಡದೆ, ಆಮ್ಯಾಲೆ ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಹೆಣ್ಣುಮಗಳು ಎತ್ತಿದಳು. ಫೋನ್ ಇಡಬೇಕಂದ್ರ ಕೈ ಬರಲಿಲ್ಲ. ಆಕಿನ ಮಾತಾಡಿದಳು, ಸಿಟ್ಟಿಲ್ಲ ಏನಿಲ್ಲ, ‘ನಾ ಅವರ ಹೆಂಡತಿ. ನೀವು ಎಷ್ಟನೇದವರ್ರೀ? ಈ ವರ್ಷ ಮೂರು ಮಂದಿ ಫೋನ್ ಮಾಡ್ಯಾರ.’ ತಪ್ಪಾತ್ರಿ ಅಂದೆ. ಆಕಿ ‘ಮಕ್ಕಳದಾರೇನ್ರಿ ನಿಮಗ?’ ಅಂತ ಕೇಳಿದಳು. ಒಬ್ಬ ಮಗಳು ಅಂದೆ. ‘ಆಕಿನ್ನ ನೋಡಿಕೋರಿ’ ಅಂತ ಹೇಳಿ ಫೋನ್ ಇಟ್ಟಳು. ಅತ್ತಿ, ಬೈದಿದ್ದರ ನಾ ಎರಡು ದಿನದಾಗ ಮರೀತಿದ್ದೆ.

ನೀವು ಕೇಳಬಹುದು, ಇಷ್ಟಾದರೂ ಯಾಕ ಬೇಕಿತ್ತು ಅಂತ. ನಾನೂ ಕೇಳಿಕೊಂಡೇನಿ. ಊಟಕ್ಕ ಕೊರತಿಲ್ಲ, ನೀವಿದ್ರಿ, ಐಶ್ವರ್ಯನ್ನ ನನಗಿಂತ ಹೆಚ್ಚು ನೀವ ಬೆಳಸೀರಿ. ಆದರೂ ಸಂಜೆ ಆದಕೂಡಲೇ ಮನಿಯಾಗ ಒಂದ ಕಡೆ ಕುಂದರಾಕ ಆಗೂದಿಲ್ಲ ನನಗ. ಒಣಗಿದ ಅರಬಿ ಮತ್ತ ಝಾಡಿಸಿ ಮಡಚತೇನಿ, ಆದ ಅಡಗಿ ಮುಚ್ಚಳಾ ತಗದು ನೋಡತೇನಿ. ಲ್ಯಾಬಿನ್ಯಾಗ ಒದ್ದಿ ಕಾಗದದ ಮ್ಯಾಲೆ ನೂರು ಬೀಜ ಇಟ್ಟರ ತೊಂಬತ್ತು ಮೊಳಕಿ ಒಡೀತಾವ. ಉಳದ ಹತ್ತಕ್ಕ ಏನಾತು, ಒಂದ ಚೀಲದ ಬೀಜ ಅವು, ಅಂತ ಯಾರ ಮುಂದರೆ ಹೇಳಬೇಕು ಅನಸ್ತೈತಿ. ನಿಮ್ಮ ಮಗನ ಮುಂದ ಹೇಳತಿದ್ದೆ. ಅವರು ಆಕಳಿಸಕೋತ ಕೇಳತಿದ್ರು. ಹಂಗ ಆಕಳಿಸಕೋತ ಕೇಳೂ ಒಂದು ಜೀವ ಬೇಕು, ಅಷ್ಟ ಅತ್ತಿ. ಇದನ್ನ ನಿಮಗ ಹೆಂಗ ಹೇಳಲಿ? ಹೇಳಿದರ ನಿಮ್ಮ ಮಗನ್ನ ನೀವಿದ್ದ ಮನಿಯಿಂದ ನಾ ಎರಡನೇ ಸಲ ಹೊರಗ ಕಳಿಸಿದಂಗ ಆಗತೈತಿ ಅನಸ್ತಿತ್ತು. ಅದಕ್ಕ ಸುಳ್ಳು ಹೇಳಕೋತ ಹೋದೆ.

ಹಾವೇರಿಯಾಕಿ ಫೋನ್ ಇಟ್ಟ ಮರುದಿನ, ಹೆಸರು ತಗದ ಹಾಕೂಣು ಅಂತ ಕುಂತಾಗ ಒಂದು ಹೊಸಾ ಪತ್ರ ಬಂದಿತ್ತು. ಮೋಟೆಬೆನ್ನೂರಿನ ಮೈಲಾರೆಪ್ಪ ಅಂತ, ನಲವತ್ತೇಳು ವರ್ಷ, ಮೆಣಸಿನಕಾಯಿ, ಹತ್ತಿ ಬೆಳಿಯೂ ಮಂದಿ. ಹೆಂಡತಿ ತೀರಿಕೊಂಡು ಐದು ವರ್ಷ. ಅವರಿಗೆ ಕಂಪ್ಯೂಟರ್ ಬರೂದಿಲ್ಲ, ತಂಗಿ ಮಗಳು ಕುಂತು ಬರದಿದ್ದಳು. ಮೂರ ಸಾಲು. ‘ನನಗ ಹದಿನೈದು ವರ್ಷದ ಮಗಳದಾಳ, ಆಕಿಗೆ ಈ ಲಗ್ನ ಮನಸಿಲ್ಲ, ನಿಮಗ ಮೊದಲ ಗೊತ್ತಿರಲಿ’ ಅಂತ. ಅಷ್ಟು ಮಂದಿಯೊಳಗ ಮಗಳ ಮಾತಿನಿಂದ ಚಾಲೂ ಮಾಡಿದವರು ಇವರೊಬ್ಬರ. ಹೋದ ತಿಂಗಳು ಕಂಪನಿಯ ರೈತರ ಸಭಾ ಐತಿ ಅಂತ ಹೇಳಿ ಬ್ಯಾಡಗಿಗೆ ಹೋಗಿದ್ದೆನಲ್ಲ, ಸಭಾ ಇರಲಿಲ್ಲ. ಜಯಕ್ಕನ ಓಣಿ ದಾಟೂ ಮುಂದ ತಲಿ ಮ್ಯಾಲೆ ಸೆರಗು ಎಳಕೊಂಡು ಕಳ್ಳರಂಗ ಹೋದೆ. ಚಾದಂಗಡಿಯಾಗ ಅವರು ಮಗಳನ್ನ ಕರಕೊಂಡು ಕುಂತಿದ್ರು. ಹುಡುಗಿಗೆ ಅಜ್ಜಿ ಹೆಸರು ಇಟ್ಟಾರ, ಗದಿಗೆವ್ವ. ಸಾಲ್ಯಾಗ ಆ ಹೆಸರಿಗೆ ನಗತಾರಂತ. ಆಕಿ ನನ್ನನ್ನ ಅಡಿಯಿಂದ ಮುಡಿತನಕ ನೋಡಿ ನೆಟ್ಟಗ ಕೇಳಿದಳು, ‘ನಮ್ಮವ್ವನ ಸೀರಿ ನೀವು ಉಡತೀರೇನ್ರಿ?’ ಇಲ್ಲವಾ, ಅವು ನಿನ್ನವು ಅಂದೆ. ಆಕಿ ಮುಂದಿನ ಮಿರ್ಚಿ ಭಜಿ ತಗೊಂಡು ತಿನ್ನಾಕ ಹತ್ತಿದಳು. ಅವರಪ್ಪ ರಸ್ತಾದ ಕಡೆ ಮಾರಿ ತಿರುವಿ ಕುಂತಿದ್ರು.

ಹೊಂಡೂ ಮುಂದ ಅವರು ಹಾಸ್ಟೆಲ್ ಕೇಳಲಿಲ್ಲ, ನಿಮ್ಮನ್ನ ಕೇಳಿದ್ರು. ‘ನಿಮ್ಮ ಅತ್ತಿಯವರಿಗೆ ಗೊತ್ತೈತೇನ್ರಿ?’ ನಾ ಹೂಂ ಅಂದೆ. ಅಲ್ಲೂ ಸುಳ್ಳು. ನೀವು ಚೀಲ ತಗೊಂಡು ಹೋದ ಮ್ಯಾಲೆ ಅವರಿಗೆ ಫೋನ್ ಮಾಡಿ, ಗೊತ್ತಿರಲಿಲ್ಲ, ಸುಳ್ಳು ಹೇಳಿದ್ದೆ ಅಂದೆ. ಅವರು ಬೇಜಾರಾದ್ರು, ಧ್ವನಿಯಾಗ ತಿಳೀತು. ಆದರೂ ಸಮಾಧಾನಲೇ, ‘ಮೊದಲ ನಿಮ್ಮ ಮನಿಯಾಗ ಹೇಳ್ರಿ, ಆಮ್ಯಾಲೆ ನನಗ ಹೇಳ್ರಿ’ ಅಂದ್ರು. ಆ ದಿನ ಸಂಜೆ ಐಶ್ವರ್ಯನ್ನ ಕುಂದರಿಸಿ ಎಲ್ಲಾ ಹೇಳಿದೆ. ಎರಡು ದಿನ ತನ್ನ ತಾಟು ತಗೊಂಡು ಪಡಸಾಲ್ಯಾಗ ಕುಂತು ಉಂಡಳು. ಮೂರನೇ ದಿನ ಎರಡು ಪ್ರಶ್ನೆ ಕೇಳಿದಳು. ಸಾಲಿ ಹಾಜರಿಯಾಗ ಅಪ್ಪನ ಹೆಸರು ಬದಲಾಗತೈತೇನು? ಇಲ್ಲ ಅಂದೆ. ಅಜ್ಜಿ ಎಲ್ಲಿರತಾಳ? ಎಲ್ಲಿ ಇದ್ದರೂ ನಮ್ಮ ಜೋಡಿ ಅಂದೆ. ರಾಣೆಬೆನ್ನೂರಾಗೋ ಮೋಟೆಬೆನ್ನೂರಾಗೋ ಅಂದಳು, ಅಜ್ಜಿನ್ನ ಕೇಳೂಣು ಅಂದೆ. ನಮ್ಮ ಮಂದಿಯೊಳಗ ಗಂಡ ಸತ್ತಮ್ಯಾಲೆ ಉಡಿಕಿ ಆದವರು ಮೊದಲಿಂದ ಅದಾರ, ನಿಮ್ಮ ಚಿಕ್ಕವ್ವನ ಕಥಿ ನೀವ ಹೇಳತಿದ್ರಿ. ಆದರ ಆಕಿ ಮಗನ್ನ ತವರಾಗ ಬಿಟ್ಟು ಹೋದಳು ಅಂತ ಹೇಳೂ ಮುಂದ ನಿಮ್ಮ ಧ್ವನಿ ಸಣ್ಣ ಆಗತಿತ್ತು. ನಾ ಯಾರನ್ನೂ ಬಿಟ್ಟು ಹೋಗೂದಿಲ್ಲ. ಹೆಂಗ ಅಂತ ಮಾತ್ರ ಗೊತ್ತಿಲ್ಲ.

ಸುಳ್ಳಿಗೆ ನಿಮ್ಮ ಕಾಲು ಹಿಡೀತೇನಿ. ಬೇಕು ಅನಿಸಿದ್ದಕ್ಕ ಮಾತ್ರ ತಪ್ಪಾತು ಅನ್ನಾಕ ಬಾಯಿ ಬರವಲ್ದು, ಅದೊಂದು ಹೊಟ್ಟಿಗೆ ಹಾಕ್ಕೋರಿ. ಜಯಕ್ಕಗ, ಅವರ ಯಜಮಾನರಿಗೆ ನನ್ನ ಶರಣು ಹೇಳ್ರಿ, ಅವರ ಮೈದುನನ ಮ್ಯಾಲೆ ನನಗ ಸಿಟ್ಟಿಲ್ಲ. ಐಶ್ವರ್ಯ ಅಜ್ಜಿಗೆ ಕಾಗದದ ತುದಿಗೆ ತಾನೂ ಸಹಿ ಮಾಡತೇನಂತ ಕುಂತಾಳ, ಜಾಗಾ ಬಿಟ್ಟೇನಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮ್ಯಾಲೆ ಇರಲಿ.

ನಿಮ್ಮ ಸೊಸಿ,
ಶ್ರೀದೇವಿ

(ಅಜ್ಜಿ, ಲಗೂ ಬಾ. – ಐಶ್ವರ್ಯ)

ತಾ.ಕ.: ಮ್ಯಾಲೆ ಬರಿಯಾಕ ಧೈರ್ಯ ಆಗಲಿಲ್ಲ, ಟಪಾಲು ಡಬ್ಬಿ ಮುಂದ ನಿಂತು ಬರಿಯಾಕತ್ತೇನಿ. ಅತ್ತಿಯವರಿಗೆ ಪತ್ರ ಹಾಕತೇನಿ, ಬರೂ ರವಿವಾರ ಬರ್ರಿ ಅಂತ ನಿನ್ನೆ ಮೈಲಾರೆಪ್ಪನವರಿಗೆ ಹೇಳಿಬಿಟ್ಟೇನಿ. ಗದಿಗೆವ್ವನ್ನ ಕರಕೊಂಡು ಹನ್ನೊಂದರ ಸುಮಾರು ಬರತಾರ. ನೀವಿಲ್ಲ ಅಂದ್ರೂ ಬರಬ್ಯಾಡ್ರಿ ಅಂತ ನಾ ಅವರಿಗೆ ಹೇಳೂದಿಲ್ಲ. ನಮ್ಮ ಅತ್ತಿಗೆ ಮನಸಿಲ್ಲ, ಬ್ಯಾಡಗಿಯಾಗ ಅದಾರ ಅಂತ ಇದ್ದದ್ದು ಇದ್ದಂಗ ಹೇಳತೇನಿ. ಆದರ ನೀವು ಬಂದು ಅವರ ಎದುರಿಗೆ ಕುಂತು ಬ್ಯಾಡ ಅಂದ್ರ, ಆ ಮಾತಿಗೆ ನಾ ಒಪ್ಪತೇನಿ. ಶನಿವಾರ ಎರಡರತನಕ ನಾ ಕೆಲಸದ ಮ್ಯಾಲೆ ಇರತೇನಿ. ನೀವು ಅದಕ್ಕ ಮೊದಲ ಬಂದ್ರ, ಕೀಲಿ ಬಾಜು ಮನಿ ಮೈಮುನಾಬಿಯವರ ಹತ್ತಿರ ಇರತೈತಿ.