ಸ್ಟೋರ್‌ರೂಮಿನ ಮಿಸ್

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ಕಳೆದ ಸಲ ತಾವು ನಮ್ಮ ಶಾಲೆಗೆ ದಯಮಾಡಿಸಿದಾಗ ಎದುರು ಬಂದು ನಮಸ್ಕರಿಸಲು ನನಗಾಗಲಿಲ್ಲ. ತಾವು ಮೂರನೇ ತರಗತಿಯ ಇಂಗ್ಲಿಷ್ ಪಾಠಕ್ಕೆ ತಲೆದೂಗುತ್ತಿದ್ದ ಹೊತ್ತಿನಲ್ಲಿ, ಆ ತರಗತಿಯ ಇಂಗ್ಲಿಷ್ ಟೀಚರಾದ ನಾನು ಪಕ್ಕದ ಸ್ಟೋರ್‌ರೂಮಿನಲ್ಲಿ ಪೊರಕೆ, ಫಿನೈಲು, ಗಾಳಿ ಹೋದ ಫುಟ್‌ಬಾಲುಗಳ ನಡುವೆ ಉಸಿರು ಬಿಗಿಹಿಡಿದು ಕೂತಿದ್ದೆ. ತಪಾಸಣೆ ಎಂದರೆ ನನಗೆ ಅಲ್ಲೇ ವಾಸ.

ಕಾರಣ ಸರಳ. ನನ್ನ ವೀಸಾದ ಪ್ರಕಾರ ನಾನು ಟೀಚರಲ್ಲ, ಕ್ಲೀನರ್. ಫಿಲಿಪ್ಪೀನ್ಸಿನ ಇಲೋಯಿಲೋದಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿ, ಟೀಚರ್ ಕೆಲಸವೆಂಬ ಭರವಸೆಯ ಮೇಲೆ ಈ ಕೊಲ್ಲಿ ನಾಡಿಗೆ ಬಂದಿಳಿದವಳು ನಾನು. ಕಾಗದ ನೋಡಿ ಗಾಬರಿಯಾದಾಗ ಪ್ರಿನ್ಸಿಪಾಲರು, "ಅದೆಲ್ಲ ಬರೀ ಕಾಗದದ ಮಾತು ಕಣಮ್ಮಾ, ಆಮೇಲೆ ಸರಿ ಮಾಡೋಣ," ಅಂದರು. ಆ 'ಆಮೇಲೆ' ಇನ್ನೂ ದಾರಿಯಲ್ಲಿದೆ. ಮಕ್ಕಳ ಅಪ್ಪಂದಿರಿಗೆ ಫೋಟೋದಲ್ಲಿ ಹೊಂಗೂದಲಿನ ಟೀಚರ್ ಬೇಕು, ಶಾಲೆಗೆ ಅಗ್ಗದ ವೀಸಾ ಬೇಕು. ಪಾಠ ಮಾಡುವುದಕ್ಕೆ ಮಾತ್ರ ನಾನು ಬೇಕು.

ಅಂದು ನನ್ನ ಜಾಗದಲ್ಲಿ ನಿಂತು ತಮ್ಮ ಮೆಚ್ಚುಗೆ ಪಡೆದ ಹೊಂಗೂದಲಿನ ಮಹಾಶಯ ನಮ್ಮ ಫುಟ್‌ಬಾಲ್ ಕೋಚ್ ಝೋಲ್ಟ್. ಹಂಗೇರಿಯವನು, ಬಲು ಒಳ್ಳೆಯವನು. ಇಂಗ್ಲಿಷ್ ಅಂದರೆ ಅವನಿಗೆ ಇಂದಿಗೂ ಜ್ವರ. ತಪಾಸಣೆಯ ಹಿಂದಿನ ದಿನ ನನ್ನ ಹತ್ತಿರ ಬಂದು, ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ, "ಅಕ್ಕಾ, ಮಕ್ಕಳು ಏನಾದ್ರೂ ಕೇಳ್ಬಿಟ್ರೆ ನನ್ನ ಗತಿಯೇನು?" ಅಂದ.

"ಸುಮ್ನೆ ನಗ್ತಾ ನಿಂತ್ಕೋ ಮಾರಾಯ. ಅರ್ಧ ಉತ್ತರ ನಿನ್ನ ತಲೆಕೂದ್ಲೇ ಕೊಡುತ್ತೆ," ಅಂದೆ. ಅರ್ಧವಲ್ಲ, ಪೂರ್ತಿ ಕೊಟ್ಟಿತು ನೋಡಿ.

ಅಂದು ಪುಟ್ಟ ಶಮ್ಮಾ ಎದ್ದು ನಿಂತು, ತಾನೇ ಕಟ್ಟಿದ ಒಂದು ಕಥೆಯನ್ನು ಇಂಗ್ಲಿಷಿನಲ್ಲಿ ತಡವರಿಸದೆ ಹೇಳಿದಳು. "ಭೇಷ್! ಇಷ್ಟು ಚೆನ್ನಾಗಿ ಹೇಳೋಕೆ ಯಾರು ಕಲಿಸಿದ್ರಮ್ಮಾ?" ಎಂದು ತಾವು ಕೇಳಿದಿರಿ. "ಸ್ಟೋರ್‌ರೂಮಿನಲ್ಲಿರೋ ಮಿಸ್," ಅಂದಳು ಮಗು. ಬಾಗಿಲಿನ ಈಚೆ ನಾನು ಪೊರಕೆಗಳ ಹಿಂದಕ್ಕೆ ಸರಿದೆ. "ನೋಡಿ ಸರ್, ನಮ್ಮ ಮಕ್ಕಳ ಕಲ್ಪನೆ ಹೇಗಿದೆ!" ಅಂದರು ಪ್ರಿನ್ಸಿಪಾಲರು. ತಾವು ಮನಸಾರೆ ನಕ್ಕಿರಿ. ತಮ್ಮ ವರದಿ ಈಗ ನೋಟಿಸ್ ಬೋರ್ಡಿನಲ್ಲಿದೆ. 'ಮಕ್ಕಳ ಕಲ್ಪನಾಶಕ್ತಿ: ಅತ್ಯುತ್ತಮ.'

ದೂರು ಕೊಡಬಹುದಿತ್ತಲ್ಲ ಅನ್ನುವಿರಾ? ಗಣಿತದ ಮಿಸ್ ಕೊಟ್ಟು ನೋಡಿದಳು. ಕ್ಲೀನರ್ ವೀಸಾದಲ್ಲಿ ಪಾಠ ಮಾಡಿದ ಅಪರಾಧಕ್ಕೆ ಅವಳನ್ನೇ ವಿಮಾನ ಹತ್ತಿಸಿದಿರಿ, ಮತ್ತೆ ಕಾಲಿಡದಂತೆ ಮುದ್ರೆ ಒತ್ತಿದಿರಿ. ಶಾಲೆ ದಂಡ ಕಟ್ಟಿ ಕೈತೊಳೆದುಕೊಂಡಿತು. ಈಗ ಗಣಿತವನ್ನು ಹೊಸ ಕ್ಲೀನರ್ ಕಲಿಸುತ್ತಿದ್ದಾಳೆ. ಇದಕ್ಕೆ ನ್ಯಾಯ ಅನ್ನುತ್ತೀರೋ, ಸಿಬ್ಬಂದಿ ಬದಲಾವಣೆ ಅನ್ನುತ್ತೀರೋ?

ಕಸ ಗುಡಿಸುವುದರಲ್ಲಿ ನನಗೆ ಅವಮಾನವಿಲ್ಲ. ಆದರೆ ಕ್ಲೀನರ್ ಆದವಳು ಮಗಳನ್ನು ಇಲ್ಲಿಗೆ ಕರೆಸಿಕೊಳ್ಳುವಂತಿಲ್ಲ, ಟೀಚರ್ ಕರೆಸಿಕೊಳ್ಳಬಹುದು. ನನ್ನ ಅಮ್ಮ ತೀರಿಕೊಂಡ ಮೇಲೆ ಮಗಳು ಜಾನೆಲ್ ನನ್ನ ಅತ್ತಿಗೆಯ ಮನೆಯಲ್ಲಿದ್ದಾಳೆ. ಅತ್ತಿಗೆಯೂ ಬರುವ ಜೂನಿನಲ್ಲಿ ಇಟಲಿಗೆ, ಬೇರೆಯವರ ಮಕ್ಕಳನ್ನು ನೋಡಿಕೊಳ್ಳಲು ಹೊರಟಿದ್ದಾಳೆ. ಊರಿಗೆ ಮರಳೋಣವೆಂದರೆ ಅಲ್ಲಿ ನನ್ನ ಜಾಗ ಭರ್ತಿಯಾಗಿದೆ, ಅನ್ನ ಹುಟ್ಟುವುದು ಇಲ್ಲೇ. "ಅಮ್ಮಾ, ಆಮೇಲೆ ನಾನು ಯಾರ ಮನೇಲಿರ್ಲಿ?" ಎಂದು ಮೊನ್ನೆ ಫೋನಿನಲ್ಲಿ ಕೇಳಿದಳು. ಪರರ ಮಕ್ಕಳಿಗೆಲ್ಲ ಉತ್ತರ ಕಲಿಸುವ ನಾನು, ನೆಟ್‌ವರ್ಕ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಫೋನಿಟ್ಟೆ.

ನನ್ನ ಬೇಡಿಕೆ ದೊಡ್ಡದಲ್ಲ. ದೂರು ಕೊಟ್ಟವರನ್ನು ವಿಮಾನ ಹತ್ತಿಸುವ ಮೊದಲು, ಅವರು ನಿಜವಾಗಿ ಮಾಡುವ ಕೆಲಸವನ್ನು ಅವರ ವೀಸಾದಲ್ಲಿ ಬರೆಸಿ. ಆ ಖರ್ಚನ್ನು ಶಾಲೆಯಿಂದಲೇ ವಸೂಲು ಮಾಡಿ. ಜೂನಿಗೆ ಮೊದಲು ಮಾಡಿ.

ಇಲ್ಲಿ ಎಲ್ಲರ ಹೆಸರು ಬದಲಿಸಿದ್ದೇನೆ, ಶಾಲೆ ಯಾವುದೆಂದೂ ಬರೆದಿಲ್ಲ. ಆದರೆ ತಮಗೆ ಗೊತ್ತಾಗುತ್ತದೆ, ಅಷ್ಟು ನಕ್ಕಿದ್ದಿರಲ್ಲ. ಮತ್ತೆ ಬಂದಾಗ ಆ ಮಗುವಿಗೆ ಅದೇ ಪ್ರಶ್ನೆ ಕೇಳಿ. ಅವಳು ತೋರಿಸಿದ ಬಾಗಿಲು ತಟ್ಟಿ. ಅದಕ್ಕೆ ಹೊರಗಿನಿಂದ ಯಾರೂ ಬೀಗ ಹಾಕುವುದಿಲ್ಲ ಸ್ವಾಮಿ. ಚಿಲಕ ಇರುವುದು ಒಳಗೆ, ಹಾಕಿಕೊಳ್ಳುವವಳು ನಾನೇ. ತಾವು ತಟ್ಟಿದರೆ ತೆಗೆಯುತ್ತೇನೆ.

ಇಂತಿ,
ತಮ್ಮ ವರದಿಯ ಪ್ರಕಾರ ಮಗುವೊಂದರ ಕಲ್ಪನೆ,
ತಮ್ಮ ಸರ್ಕಾರದ ಪ್ರಕಾರ ಕ್ಲೀನರ್,
ಜಾನೆಲಳ ಅಮ್ಮ